ಕಡಲ ಕದನದ ಚಿತ್ರಗಳು ಮತ್ತು ಮಂಗಳೂರಿನ ಅಳಿವೆ

ಹಾಯಿಹಡಗುಗಳ ಕಾಲದ ಕಡಲ ಕದನಗಳನ್ನು ಬಿಡಿಸುವುದು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಒಂದು ಪ್ರತ್ಯೇಕ ಕಸುಬೇ ಆಗಿತ್ತು. ಆ ಕಸುಬಿನ ದೊಡ್ಡ ಹೆಸರು ಡಾಮಿನಿಕ್ ಸೆರೆಸ್. ಹುಟ್ಟಿದ್ದು ಫ್ರಾನ್ಸಿನ ಗ್ಯಾಸ್ಕನಿಯಲ್ಲಿ. ನಾವಿಕನಾಗಿ ಬ್ರಿಟಿಷರ ಕೈಗೆ ಸೆರೆಸಿಕ್ಕಿ ಇಂಗ್ಲೆಂಡಿಗೆ ಬಂದವನು ಅಲ್ಲೇ ನೆಲೆನಿಂತ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಒಬ್ಬನಾದ, ಮುಂದೆ ಮೂರನೆಯ ಜಾರ್ಜ್ ದೊರೆಯ ಕಡಲಚಿತ್ರಕಾರನೂ ಆದ. ಸ್ವದೇಶದ ಹಡಗುಗಳು ಪೆಟ್ಟು ತಿನ್ನುವುದನ್ನು ಬಿಡಿಸಿ ಬದುಕು ಕಟ್ಟಿಕೊಂಡವನು ಅವನು. ಭಾರತದ ಸಮುದ್ರದಲ್ಲಿ ನಡೆದ ಕದನಗಳೂ ಅವನ ಕುಂಚಕ್ಕೆ ವಸ್ತುವಾದವು.

ಅವು ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮತ್ತು ಫ್ರೆಂಚ್ ಅಡ್ಮಿರಲ್ ಸುಫ್ರೆನ್ ನಡುವಿನ ಕದನಗಳು. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಚೋಳಮಂಡಲ ಕರಾವಳಿಯಲ್ಲೂ ಸಿಂಹಳದ ಬಳಿಯೂ ಇಬ್ಬರೂ ಐದು ಸಲ ಎದುರಾದರು. ಫ್ರೆಂಚರು ಮೈಸೂರಿನ ಹೈದರಾಲಿಯ ಮಿತ್ರರು. 1782ರ ಜುಲೈಯಲ್ಲಿ ಸುಫ್ರೆನ್ ಕಡಲೂರಿನಲ್ಲಿ ಹೈದರನನ್ನು ಖುದ್ದು ಕಂಡಿದ್ದ. ಐದು ಕದನಗಳಲ್ಲಿ ಎರಡೂ ಕಡೆಯ ಒಂದೇ ಒಂದು ಯುದ್ಧನೌಕೆಯೂ ಶತ್ರುವಿನ ವಶವಾಗಲಿಲ್ಲ.

ಇಂಥ ಚಿತ್ರದ ಬಹುಪಾಲು ಆಕಾಶವೇ. ಕೆಳಗಿನ ಪಟ್ಟಿಯಲ್ಲಿ ಹಡಗುಗಳು ಒಂದರ ಹಿಂದೊಂದು ಸಾಲುಗಟ್ಟಿರುತ್ತವೆ. ಫಿರಂಗಿಗಳಿರುವುದು ಹಡಗಿನ ಎರಡು ಪಕ್ಕೆಗಳಲ್ಲಿ. ಮುಂದಕ್ಕೆ ಹೊಡೆಯುವ ಬಲ ತೀರ ಕಡಿಮೆ. ಆದ್ದರಿಂದ ಶತ್ರುವಿಗೆ ಪಕ್ಕೆಗೊಟ್ಟು ಸಾಲಾಗಿ ಸಾಗುವುದೇ ಅಂದಿನ ಯುದ್ಧಕ್ರಮ. ಗಾಳಿ ಬೀಸಿ ಬರುವ ಮಗ್ಗುಲಲ್ಲಿದ್ದವರಿಗೆ ಯಾವಾಗ ಮೇಲೆರಗಬೇಕೆಂಬ ಆಯ್ಕೆ ಇರುತ್ತಿತ್ತು. ಬಾವುಟ ಯಾವ ಕಡೆ ಹಾರುತ್ತಿದೆ, ಹೊಗೆ ಯಾವ ಕಡೆ ಸರಿಯುತ್ತಿದೆ ಎಂದು ನೋಡಿದರೆ ಆ ಅನುಕೂಲ ಯಾರದೆಂದು ತಿಳಿಯುತ್ತದೆ. ಇವೆರಡು ಒಂದೇ ದಿಕ್ಕಿಗೆ ಸಾಗದಿದ್ದರೆ ಚಿತ್ರಕಾರನಿಗೆ ಕಡಲು ಗೊತ್ತಿಲ್ಲ ಎಂದೇ ಅರ್ಥ. ಸೆರೆಸ್‌ನಂಥ ಹಳೆಯ ನಾವಿಕ ಅಲ್ಲಿ ಎಡವುವುದಿಲ್ಲ. ಫ್ರೆಂಚ್ ಹಡಗುಗಳ ಬಾವುಟ ಆಗ ಬರೀ ಬಿಳಿ. ಇಂದಿನ ನೋಡುಗರು ಅದನ್ನು ಶರಣಾಗತಿಯ ಗುರುತೆಂದು ಭಾವಿಸಬಾರದು. ತ್ರಿವರ್ಣ ಬಂದದ್ದು ಕ್ರಾಂತಿಯ ನಂತರ.

ಚಿತ್ರಕಾರ ಕದನವನ್ನು ಕಣ್ಣಾರೆ ಕಾಣುತ್ತಿದ್ದುದು ಅಪರೂಪ. ಹಡಗಿನ ದಿನಚರಿ, ಅಧಿಕಾರಿಗಳು ಗೀಚಿಕೊಂಡ ನಕ್ಷೆ, ಬದುಕಿ ಮರಳಿದವರ ಮಾತು ಇವೇ ಅವನ ಆಧಾರ. ಮುರಿದ ಕೂವೆಕಂಬ, ತೂತುಬಿದ್ದ ಹಾಯಿ ಅವನಿಗೆ ಮುಖ್ಯ. 1782ರ ಏಪ್ರಿಲ್ 12ರಂದು ಸಿಂಹಳದ ಪ್ರಾವಿಡಿಯನ್ ಬಳಿ ಬ್ರಿಟಿಷರ ಮಾನ್ಮತ್ ಹಡಗಿನ ಮೂರು ಕಂಬಗಳಲ್ಲಿ ಎರಡು ಉರುಳಿದವು. ಫ್ರೆಂಚ್ ಗೋಲಂದಾಜರು ಹಾಯಿ-ಹಗ್ಗಗಳತ್ತ ಗುರಿಯಿಡುತ್ತಿದ್ದರು, ಬ್ರಿಟಿಷರು ಹಡಗಿನ ಒಡಲತ್ತ. ಒಡಲೊಳಗೆ ಸಿಡಿದ ಮರದ ಚೂರುಗಳಿಂದ ಸತ್ತವರು ಮಾತ್ರ ಇಂಥ ಚಿತ್ರಗಳಲ್ಲಿ ಬಹುಮಟ್ಟಿಗೆ ಕಾಣಸಿಗುವುದಿಲ್ಲ.

ಇದೇ ಹ್ಯೂಸ್ ಮೊದಲು ಮೈಸೂರಿಗೆ ಪೆಟ್ಟು ಕೊಟ್ಟದ್ದು ಮಂಗಳೂರಿನಲ್ಲಿ. ಅಕ್ಟೋಬರ್ ಬಂತೆಂದರೆ ಹಿಂಗಾರಿನ ಬಿರುಗಾಳಿಗೆ ಹೆದರಿ ಬ್ರಿಟಿಷ್ ನೌಕಾಪಡೆ ಪೂರ್ವ ಕರಾವಳಿ ಬಿಟ್ಟು ಮುಂಬಯಿ ಸೇರುವುದು ರೂಢಿ. ಹಾಗೆ ಪಡುವಣ ಕಡಲಿಗೆ ಬಂದಾಗ, 1780ರ ಡಿಸೆಂಬರ್ 8ರಂದು, ಮಂಗಳೂರಿನಲ್ಲಿ ಲಂಗರು ಹಾಕಿದ್ದ ಹೈದರನ ಹಡಗುಗಳನ್ನು ಅವನು ಕಂಡ. ಅಳಿವೆಯ ಮರಳದಿಬ್ಬದಿಂದಾಗಿ ದೊಡ್ಡ ಹಡಗುಗಳು ಇಲ್ಲಿ ಒಳನುಗ್ಗುವಂತಿರಲಿಲ್ಲ. ದೋಣಿಗಳಲ್ಲಿ ಜನರನ್ನು ಕಳಿಸಿ ಹೈದರನ ಹಡಗುಗಳನ್ನು ನಾಶಮಾಡಿಸಿದ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೈದರ್ ಕಟ್ಟಿ ಬೆಳೆಸಿದ್ದ ನೌಕಾಬಲ ಅಂದು ಮುರಿಯಿತು. ಎರಡು ವರ್ಷಗಳ ನಂತರ ಅವನು ಫ್ರೆಂಚ್ ಹಡಗುಗಳನ್ನು ಅಷ್ಟು ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಪರಿಣಾಮದ ದೃಷ್ಟಿಯಿಂದ ಇದು ಪ್ರಾವಿಡಿಯನ್‌ಗಿಂತ ಹಿರಿದು. ಆದರೆ ನಿಂತ ಹಡಗುಗಳಿಗೆ ದೋಣಿಯಲ್ಲಿ ಹೋಗಿ ಬೆಂಕಿಯಿಡುವುದರಲ್ಲಿ ಸಾಲುಗಟ್ಟಿದ ಹಾಯಿಗಳ ಗತ್ತಿಲ್ಲ. ಇನ್ನು ಮೈಸೂರಿನವರಿಗೆ ಅದು ಗೋಡೆಯ ಮೇಲೆ ಬರೆಸಿಕೊಳ್ಳುವ ಸಂಗತಿಯಲ್ಲ. ಅದಕ್ಕೆ ಮೂರು ತಿಂಗಳು ಮೊದಲು, ಸೆಪ್ಟೆಂಬರ್ 10ರಂದು, ಪೊಳ್ಳಿಲೂರಿನಲ್ಲಿ ಗೆದ್ದ ನೆಲದ ಕದನ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯನ್ನು ಇಂದಿಗೂ ತುಂಬಿದೆ. ಯುದ್ಧಚಿತ್ರಕ್ಕೆ ಹಣ ಕೊಡುತ್ತಿದ್ದವನು ಎಲ್ಲೆಡೆಯೂ ಗೆದ್ದವನೇ.

ಹ್ಯೂಸ್-ಸುಫ್ರೆನ್ ಜೋಡಿಯ ಕೊನೆಯ ಕದನ ನಡೆದದ್ದು 1783ರ ಜೂನ್ 20ರಂದು, ಕಡಲೂರಿನ ಎದುರು. ಫ್ರೆಂಚ್ ಚಿತ್ರಕಾರ ಓಗುಸ್ತ್ ಜುಗೆಲೆ ಇದನ್ನು 1836ರಲ್ಲಿ ಬಿಡಿಸಿದ. ಕದನದ ಹೊತ್ತಿಗೆ ಅವನಿನ್ನೂ ಹುಟ್ಟಿರಲಿಲ್ಲ. ಯುರೋಪಿನಲ್ಲಿ ಅಷ್ಟರೊಳಗೆ ಶಾಂತಿಯಾಗಿತ್ತು. ಸುದ್ದಿ ಕಡಲೂರಿಗೆ ಮುಟ್ಟಿದ್ದು ಜೂನ್ ಕೊನೆಗೆ. ಆಗ ಹೈದರನ ಮಗ ಟಿಪ್ಪು ಬ್ರಿಟಿಷರ ಕೈಯಲ್ಲಿದ್ದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಅದೇ ಸುದ್ದಿ ಬಂದದ್ದೇ ತಡ, ಅವನ ಜೊತೆಗಿದ್ದ ಫ್ರೆಂಚ್ ಪಡೆ ಕಾಳಗದಿಂದ ಹಿಂದೆ ಸರಿಯಿತು. ಕೋಟೆ ಕೈಗೆ ಬಂದದ್ದು 1784ರ ಜನವರಿಯಲ್ಲಿ, ಒಳಗಿನವರು ಹಸಿವಿಗೆ ಸೋತ ಮೇಲೆ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದವಾಯಿತು. ಹ್ಯೂಸ್‌ನ ಧ್ವಜನೌಕೆ ಸುಪರ್ಬ್ ಅಷ್ಟರಲ್ಲೇ, 1783ರ ನವೆಂಬರಿನಲ್ಲಿ, ತಲಶ್ಶೇರಿಯ ಬಳಿ ಒಡೆದು ಮುಳುಗಿತ್ತು.

ಗುರುಪುರ ಹೊಳೆಗೆ ಶತ್ರುನೌಕೆ ನುಗ್ಗದಂತೆ ಬೋಳೂರಿನಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. 1796ರಲ್ಲಿ ಅವನು 22 ದೊಡ್ಡ ಯುದ್ಧನೌಕೆ, 20 ಫ್ರಿಗೇಟುಗಳ ಪಡೆ ಕಟ್ಟಲು ಆಜ್ಞೆ ಹೊರಡಿಸಿದ. ಹಡಗು ಕಟ್ಟಲು ಗೊತ್ತುಮಾಡಿದ ಮೂರು ತಾಣಗಳಲ್ಲಿ ಒಂದು ಮಂಗಳೂರಿನ ಬಳಿಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಯೋಜನೆಯೂ ಅಲ್ಲಿಗೇ ನಿಂತಿತು.