ಮುಗ್ಗರಿಸುವ ಕಾರು: ಮೊದಲು ಪರೀಕ್ಷೆ, ಆಮೇಲೆ ಖರ್ಚು

ಸಿಗ್ನಲ್ ಬಳಿ ನಿಂತ ಕಾರು ತಾನಾಗಿಯೇ ಆಫ್ ಆಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದಂತೆ ಓಡುತ್ತದೆ. ಗ್ಯಾರೇಜಿಗೆ ಕೊಂಡೊಯ್ದ ದಿನ ಮಾತ್ರ ಜಾಣ ಮಗುವಿನಂತೆ ಸುಮ್ಮನಿರುತ್ತದೆ! ಇಂಥ ಕಾಟ ನಿಮ್ಮ ಮನೆಯಲ್ಲೂ ಇದೆಯೇ?

"ಕಾರಿನ ವಿಷಯ ಗಂಡಸರಿಗೇ ಇರಲಿ" ಎನ್ನಬೇಡಿ, ಸೋದರಿಯರೇ. ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ನಾವು. ಗ್ಯಾರೇಜಿನ ಬಿಲ್ಲು ಬಂದಾಗ ಮನೆಖರ್ಚಿನಲ್ಲಿ ಹೊಂದಿಸುವವರೂ ನಾವೇ. ರೈಲ್ವೆ ಗೇಟು ದಾಟುವಾಗ ಹಳಿಯ ಮೇಲೆ ಎಂಜಿನ್ ನಿಂತರೆ ಏನು ಗತಿ ಹೇಳಿ?

ಪೆಟ್ರೋಲ್ ಕಾರುಗಳಲ್ಲಿ ಈ ತೊಂದರೆಗೆ ಒಂದು ಕಾರಣ, ಬೆಂಕಿಪೊಟ್ಟಣದಷ್ಟಿರುವ 'ಥ್ರಾಟಲ್ ಪೊಸಿಷನ್ ಸೆನ್ಸರ್'.

ಏನಿದರ ಕೆಲಸ?

ಆಕ್ಸಲರೇಟರ್ ಒತ್ತಿದಾಗ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ತಟ್ಟೆಯಂಥ ಒಂದು ಬಾಗಿಲು ತೆರೆಯುತ್ತದೆ. ಅದೇ ಥ್ರಾಟಲ್. ಅದು ಎಷ್ಟು ತೆರೆದಿದೆ ಎಂದು ಕಾರಿನ ಕಂಪ್ಯೂಟರಿಗೆ ಹೇಳುವುದು ಈ ಸೆನ್ಸರು. ಆ ಲೆಕ್ಕವನ್ನೂ ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲ್ ಅಳೆದು ಕೊಡುತ್ತದೆ. ಅಕ್ಕಿ ಎಷ್ಟು ನೆನೆಸಿದ್ದೇವೆಂದು ತಪ್ಪು ಹೇಳಿದರೆ ಉದ್ದಿನಬೇಳೆಯ ಅಳತೆ ತಪ್ಪಿ ಇಡ್ಲಿ ಕೆಡುವುದಿಲ್ಲವೇ? ಹಾಗೆ!

ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿ ನೆನಪಿದೆಯೇ? ಸವೆದ ಜಾಗಕ್ಕೆ ಬಂದಾಗ ಕರಕರ ಸದ್ದು. ಒಮ್ಮೊಮ್ಮೆ ಸದ್ದೇ ಇಲ್ಲ. ಬಹಳಷ್ಟು ಕಾರುಗಳ ಸೆನ್ಸರಿನೊಳಗೂ ಅಂಥದೇ ಪಟ್ಟಿ, ಅದರ ಮೇಲೆ ಜಾರುವ ಒಂದು ಮುಳ್ಳು. ಮುಳ್ಳು ಹೆಚ್ಚು ಹೊತ್ತು ಓಡಾಡುವ ಜಾಗ ಮೊದಲು ಸವೆಯುತ್ತದೆ. ಆದ್ದರಿಂದಲೇ ಈ ಕಾಯಿಲೆ ಬಂದು ಬಂದು ಹೋಗುವುದು.

ಲಕ್ಷಣಗಳು

ನಿಂತಾಗ ಎಂಜಿನ್ ಸದ್ದು ಏರಿಳಿಯುವುದು, ಆಫ್ ಆಗುವುದು, ಆಕ್ಸಲರೇಟರ್ ಒತ್ತಿದರೂ ಪಿಕಪ್ ಬಾರದಿರುವುದು, ಇಲ್ಲವೇ ಜರ್ಕ್ ಹೊಡೆಯುವುದು, ಮೈಲೇಜ್ ಇಳಿಯುವುದು, ಚೆಕ್ ಎಂಜಿನ್ ದೀಪ ಹತ್ತುವುದು.

ಆದರೆ ಥ್ರಾಟಲ್‌ನಲ್ಲಿ ಕಟ್ಟಿದ ಮಸಿ, ಬಿರುಕು ಬಿಟ್ಟ ಗಾಳಿ ಪೈಪು, ಸಡಿಲವಾದ ವೈರು ಇವುಗಳಿಂದಲೂ ಹೀಗೇ ಆಗಬಹುದು. ಜ್ವರ ಬಂದವರಿಗೆಲ್ಲಾ ಮಲೇರಿಯಾ ಮಾತ್ರೆ ನುಂಗಿಸುತ್ತೇವೆಯೇ?

ಪರೀಕ್ಷೆ ಹೀಗೆ

1. ಹಾಲಿನ ಲೆಕ್ಕ ಬರೆಯುವಂತೆ ಕಾರಿನ ಲೆಕ್ಕವನ್ನೂ ಬರೆದಿಡಿ. ಯಾವಾಗ ನಿಂತಿತು, ಎಂಜಿನ್ ಬಿಸಿಯಾಗಿತ್ತೇ, ಮಳೆ ಬಂದಿತ್ತೇ, ಎಷ್ಟು ವೇಗದಲ್ಲಿತ್ತು? ಅರ್ಧ ರೋಗ ಇಲ್ಲೇ ತಿಳಿಯುತ್ತದೆ.

2. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ. ಪಿ0120ರಿಂದ ಪಿ0124ರವರೆಗಿನ ಕೋಡ್ ಬಂದರೆ ಈ ಸೆನ್ಸರಿನ ಕಡೆ ಸಂಶಯ. ಸಂಶಯವಷ್ಟೇ, ತೀರ್ಪಲ್ಲ. ವೈರು ತುಂಡಾದರೂ ಇದೇ ಕೋಡ್ ಬರುತ್ತದೆ.

3. ಕನೆಕ್ಟರ್ ಬಿಚ್ಚಿ ನೋಡಲು ಹೇಳಿ. ಪಿನ್ನಿಗೆ ಕಿಲುಬು ಹಿಡಿದಿರಬಹುದು, ಇಲಿ ವೈರು ಕಡಿದಿರಬಹುದು.

4. ಕೊನೆಗೆ ಮಲ್ಟಿಮೀಟರ್. ಕೇಬಲ್ ಇರುವ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಸೆನ್ಸರಿಗೆ ಮೂರು ವೈರು: ಒಂದರಲ್ಲಿ 5 ವೋಲ್ಟ್ ಬರುತ್ತದೆ, ಒಂದು ಅರ್ಥ್, ಇನ್ನೊಂದು ಸುದ್ದಿ ಒಯ್ಯುವುದು. ಎಂಜಿನ್ ಆಫ್, ಕೀ ಮಾತ್ರ ಆನ್. 5 ವೋಲ್ಟೇ ಬರದಿದ್ದರೆ ಮೊದಲು ವೈರಿಂಗ್ ನೋಡಬೇಕು. ಬರುತ್ತಿದ್ದರೆ ಸುದ್ದಿಯ ವೈರಿಗೆ ಮೀಟರ್ ಇಟ್ಟು, ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಬೇಕು. ಸುಮಾರು ಅರ್ಧ ವೋಲ್ಟಿನಿಂದ ನಾಲ್ಕೂವರೆಯವರೆಗೆ ಹಾಲು ಉಕ್ಕಿದಂತೆ ಒಂದೇ ಸಮನೆ ಏರಬೇಕು. ನಡುವೆ ಗಕ್ಕನೆ ಬಿದ್ದರೆ, ಕುಣಿದರೆ, ಸೆನ್ಸರ್ ಸವೆದಿದೆ ಎನ್ನಬಹುದು. ಈ ಕುಣಿತ ಅಂಕಿಯ ಮೀಟರಿಗಿಂತ ಮುಳ್ಳಿನ ಮೀಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಳತೆಗಾಗಿ ವೈರಿಗೆ ಸೂಜಿ ಚುಚ್ಚಲು ಬಿಡಬೇಡಿ. ಆ ತೂತಿನಲ್ಲಿ ನೀರು ಇಳಿಯುತ್ತದೆ.

ನಮ್ಮ ಹಳೆಯ ಕಾರಿಗೆ ಹೀಗೇ ಆದಾಗ ಗ್ಯಾರೇಜೊಂದರಲ್ಲಿ, "ಇಡೀ ಥ್ರಾಟಲ್ ಬಾಡಿಯನ್ನೇ ಚೇಂಜ್ ಮಾಡಬೇಕಮ್ಮಾ" ಎಂದರು. ಯಜಮಾನರು ಆಗಲಿ ಎಂದು ತಲೆಯಾಡಿಸಿದರು. "ಮೊದಲು ಮೀಟರ್ ಹಿಡಿದು ತೋರಿಸಪ್ಪಾ" ಎಂದೆ ನಾನು. ಮುಳ್ಳು ನೆಟ್ಟಗೆ ಏರಿತು! ಕನೆಕ್ಟರ್ ಅಲ್ಲಾಡಿಸಿದಾಗ ಮಾತ್ರ ಕುಣಿಯಿತು. ಕಿಲುಬು ತೆಗೆದು ಪಿನ್ ಬಿಗಿ ಮಾಡಿದ್ದೇ ಸರಿ, ಕಾರು ಸುಧಾರಿಸಿತು.

ಎಚ್ಚರಿಕೆ

ಹೊಸ ಕಾರುಗಳಲ್ಲಿ ಕೇಬಲ್ ಇರುವುದಿಲ್ಲ. ಮೋಟಾರೇ ಥ್ರಾಟಲನ್ನು ತೆರೆಯುತ್ತದೆ. ಅದರೊಳಗೆ ಕೈ ಹಾಕಬೇಡಿ, ಬೆರಳು ಸಿಕ್ಕೀತು. ಇಲ್ಲಿ ಎರಡು ಸೆನ್ಸರುಗಳಿದ್ದು, ಎರಡರ ಮಾತು ತಾಳೆಯಾಗದಿದ್ದರೆ ಕಂಪ್ಯೂಟರ್ ಕಾರನ್ನು ನಿಧಾನಗತಿಗೆ ಇಳಿಸುತ್ತದೆ. ಗಾಬರಿಯಾಗದೆ ಹಜಾರ್ಡ್ ದೀಪ ಹಾಕಿ ಎಡಕ್ಕೆ ನಿಲ್ಲಿಸಿ. ಇವುಗಳಲ್ಲಿ ಹೆಚ್ಚಾಗಿ ಥ್ರಾಟಲ್ ಬಾಡಿ ಪೂರ್ತಿಯೇ ಬದಲಾಗುವುದರಿಂದ ಖರ್ಚು ಜಾಸ್ತಿ. ಪರೀಕ್ಷೆ ಇನ್ನೂ ಮುಖ್ಯ.

ಮುಂದಿನ ಸಲ ಯಾರಾದರೂ "ಸೆನ್ಸರ್ ಹೋಗಿದೆ" ಎಂದರೆ ಎರಡೇ ಮಾತು ಕೇಳಿ: "ಕನೆಕ್ಟರ್ ನೋಡಿದಿರಾ? ಮೀಟರ್ ಎಷ್ಟು ತೋರಿಸಿತು?" ತರಕಾರಿಯನ್ನೇ ಮುಟ್ಟಿ ನೋಡಿ ಕೊಳ್ಳುವ ನಮಗೆ ಇದೇನು ಕಷ್ಟವೇ?