ಡಬ್ಬಿಂಗ್ ಧಾರಾವಾಹಿ ಮತ್ತು ಸಂಘದ ಠರಾವು

ಟಿ.ವಿ. ಧಾರಾವಾಹಿಗೂ ಚಳ್ಳಕೆರೆಯ ಎಣ್ಣೆ ಮಿಲ್ಲಿಗೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಸಂಬಂಧವಿದೆ, ಅದು ಸಂಘದ ಠರಾವು ಪುಸ್ತಕದಲ್ಲಿದೆ.

1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಕನ್ನಡ ಚಿತ್ರರಂಗದ ಉಳಿವಿಗಾಗಿ ಡಬ್ಬಿಂಗ್ ವಿರುದ್ಧ ದನಿಯೆತ್ತಿದರು. ಅಂದಿನ ಪರಿಸ್ಥಿತಿಯಲ್ಲಿ ಆ ಕಳಕಳಿ ಸಹಜವಾದುದೇ. ಕಾಲಕ್ರಮದಲ್ಲಿ ಅದು ಉದ್ಯಮದ ಅಲಿಖಿತ ನಿಷೇಧವಾಗಿ ನೆಲೆಯೂರಿತು. ಯಾವ ಶಾಸನವೂ ಅದರ ಬೆನ್ನಿಗಿರಲಿಲ್ಲ. 2012ರಲ್ಲಿ 'ಸತ್ಯಮೇವ ಜಯತೇ' ಕಾರ್ಯಕ್ರಮ ತೆಲುಗು, ತಮಿಳು ಮೊದಲಾದ ಭಾಷೆಗಳಲ್ಲಿ ಬಂದಿತು, ಕನ್ನಡದಲ್ಲಿ ಬರಲಿಲ್ಲ. ರಾಯದುರ್ಗದ ಗಡಿಗೆ ಹೊಂದಿಕೊಂಡ ಮೊಳಕಾಲ್ಮೂರಿನಲ್ಲಿ ತೆಲುಗು ಬಲ್ಲವರಿಗೆ ಅದನ್ನು ನೋಡಲು ಅಡ್ಡಿಯೇನೂ ಇರಲಿಲ್ಲ. ತಪ್ಪಿಹೋದದ್ದು ಕನ್ನಡವೊಂದನ್ನೇ ಬಲ್ಲವರಿಗೆ.

ಅದೇ ವರ್ಷ ಕನ್ನಡ ಗ್ರಾಹಕರ ಕೂಟವು ಭಾರತೀಯ ಸ್ಪರ್ಧಾ ಆಯೋಗದ ಮೊರೆಹೊಕ್ಕಿತು. 2015ರ ಜುಲೈನಲ್ಲಿ ಆಯೋಗವು ಈ ನಿರ್ಬಂಧ ಸ್ಪರ್ಧೆಗೆ ವಿರುದ್ಧವೆಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಉದ್ಯಮದ ಸಂಘಟನೆಗಳಿಗೆ ದಂಡ ವಿಧಿಸಿತು. ಬಂಗಾಳಿಗೆ ಡಬ್ ಆದ ಮಹಾಭಾರತ ಧಾರಾವಾಹಿಯ ಪ್ರಸಾರವನ್ನು ಕಲಾವಿದರ ಒಕ್ಕೂಟ ತಡೆದ ಪ್ರಕರಣದಲ್ಲಿ, 2017ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆಯೋಗದ ನಿಲುವನ್ನೇ ಎತ್ತಿಹಿಡಿಯಿತು. 2020ರಲ್ಲಿ ಕನ್ನಡಕ್ಕೆ ಡಬ್ ಆದ ಮಹಾಭಾರತ ಸ್ಟಾರ್ ಸುವರ್ಣದಲ್ಲಿ ಪ್ರಸಾರವಾಯಿತು.

ವರ್ತಕರು ಗಮನಿಸಬೇಕಾದ ಅಂಶ ಇಲ್ಲಿದೆ. ಸ್ಪರ್ಧಾ ಅಧಿನಿಯಮ, 2002ರ 3ನೆಯ ಕಲಮಿನನ್ವಯ, ಒಂದೇ ಬಗೆಯ ವ್ಯಾಪಾರ ಮಾಡುವವರ ಸಂಘ ಬೆಲೆ ನಿಗದಿಪಡಿಸಿದರೆ, ಅಥವಾ ಸರಬರಾಜನ್ನು ಇಲ್ಲವೆ ಮಾರುಕಟ್ಟೆಯನ್ನು ನಿಯಂತ್ರಿಸಿದರೆ, ಸ್ಪರ್ಧೆಗೆ ಧಕ್ಕೆಯಾಗಿದೆಯೆಂದೇ ಕಾನೂನು ಭಾವಿಸುತ್ತದೆ. ಆಗಿಲ್ಲವೆಂದು ತೋರಿಸುವ ಹೊಣೆ ಸಂಘದ್ದು. ಉದ್ದೇಶ ಒಳ್ಳೆಯದಿತ್ತೆಂಬುದಷ್ಟೇ ಸಮರ್ಥನೆಯಾಗದು. ದಂಡವು ಹಿಂದಿನ 3 ವರ್ಷಗಳ ಸರಾಸರಿ ವಹಿವಾಟಿನ ಶೇ. 10ರವರೆಗೆ ಹೋಗಬಹುದು, ಪದಾಧಿಕಾರಿಗಳೂ ಹೊಣೆಗಾರರಾಗಬಹುದು.

ಉದಾಹರಣೆಗೆ, 'ಹೊರ ಜಿಲ್ಲೆಯ ಶೇಂಗಾ ಎಣ್ಣೆಯನ್ನು ಯಾರೂ ಮಾರತಕ್ಕದ್ದಲ್ಲ, ಮಾರಿದವರಿಗೆ ಬಹಿಷ್ಕಾರ' ಎಂದು ಒಂದು ಸಂಘ ಠರಾವು ಮಾಡಿತೆನ್ನಿ. ಆ ಒಂದು ಪುಟವೇ ಅದರ ವಿರುದ್ಧ ಸಾಕ್ಷಿಯಾಗುತ್ತದೆ. ಬಾಯಿಮಾತಿನ ಒಪ್ಪಂದಕ್ಕೂ ವಿನಾಯಿತಿ ಇಲ್ಲ.

ಹಾಗಾದರೆ ಸ್ಥಳೀಯ ಉದ್ಯಮಕ್ಕೆ ರಕ್ಷಣೆಯೇ ಇಲ್ಲವೇ? ಇದೆ. ಸರ್ಕಾರಕ್ಕೆ ಮನವಿ ಸಲ್ಲಿಸಬಹುದು; ಗುಣಮಟ್ಟದ ಮುದ್ರೆ ಪಡೆಯಬಹುದು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ನೋಂದಣಿಯಿದೆ. ಬೇರೆ ಊರಿನ ಸೀರೆ ಅಂಗಡಿಗೆ ಬರುವುದನ್ನು ಅದು ತಡೆಯದು. ಆದರೆ ಆ ಸೀರೆ ಮೊಳಕಾಲ್ಮೂರಿನ ಹೆಸರು ಹೊತ್ತು ಬರುವುದನ್ನು ತಡೆಯುತ್ತದೆ. ನೇಕಾರನಿಗೆ ಬೇಕಾದುದೂ ಅದೇ.

ಡಬ್ಬಿಂಗ್ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. 2018ರ 'ಕೆಜಿಎಫ್', 2022ರ 'ಕಾಂತಾರ' ಹೊರ ರಾಜ್ಯಗಳ ಪ್ರೇಕ್ಷಕರನ್ನು ಮುಟ್ಟಿದ್ದು ಅವರವರ ಭಾಷೆಗೆ ಡಬ್ ಆಗಿಯೇ. ನಮ್ಮ ಸರಕು ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು ಎಂಬ ಲೆಕ್ಕ ತಾಳೆಯಾಗುವುದಿಲ್ಲ.

ಆದಕಾರಣ, ಮುಂದಿನ ಸಭೆಯಲ್ಲಿ ಬೆಲೆ, ಸರಬರಾಜು ಅಥವಾ ಬಹಿಷ್ಕಾರದ ವಿಷಯ ಪ್ರಸ್ತಾಪವಾದಲ್ಲಿ, ಸಹಿ ಹಾಕುವ ಮುನ್ನ ಕಾನೂನು ಸಲಹೆ ಪಡೆಯುವುದು ಕ್ಷೇಮಕರ.