ಹುಳಿ ಮಣ್ಣಿನ ಮದ್ದು ಎರೆ ಭೂಮಿಗೆ ಒಗ್ಗದು

ಮಲೆನಾಡು, ಕರಾವಳಿಗಳಲ್ಲಿ ಹುಳಿ ಮಣ್ಣನ್ನು ಸುಧಾರಿಸಲು ಸುಣ್ಣ ಹಾಕುವುದು ರೂಢಿ. ಅದನ್ನು ನೋಡಿ ಮಾನ್ವಿ ತಾಲ್ಲೂಕಿನ ಪೋತ್ನಾಳದ ಸುತ್ತಿನ ಎರೆ ಭೂಮಿಗೂ ಸುಣ್ಣ ಹಾಕಿದರೆ ಹಣ ದಂಡವೇ ಸರಿ. ಎರಡು ಮಣ್ಣುಗಳ ಹುಟ್ಟುಗುಣವೇ ಬೇರೆ.

ಮಲೆನಾಡಿನಲ್ಲಿ ತಲೆತಲಾಂತರದ ಭಾರಿ ಮಳೆಯು ಮಣ್ಣಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ತೊಳೆದೊಯ್ದಿದೆ. ಉಳಿದವುಗಳಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಮತ್ತು ಕೆಯೊಲಿನೈಟ್ ಎಂಬ ಜೇಡಿ ಖನಿಜ ಮುಖ್ಯ. ಈ ಜೇಡಿಗೆ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಕಡಿಮೆ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ಸುಣ್ಣ ಹಾಕಿದಾಗ ಹುಳಿ ತಗ್ಗಿ ಈ ಕಾಟ ನಿಲ್ಲುತ್ತದೆ.

ಪೋತ್ನಾಳದ ಕಡೆ ಮಳೆ ಕಡಿಮೆ. ಸುಣ್ಣ ಮಣ್ಣಿನಲ್ಲಿಯೇ ಹರಳುಗಟ್ಟಿ ಉಳಿದಿದೆ. ಹರಳನ್ನು ಪುಡಿಮಾಡಿ ನಿಂಬೆರಸ ಹಿಂಡಿದರೆ ನೊರೆ ಏಳುವುದನ್ನು ಯಾರೂ ನೋಡಬಹುದು. ಬೇಸಿಗೆಯಲ್ಲಿ ಎರೆ ಬಿರಿಯುವುದು ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯಿಂದ. ಇದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಇಲ್ಲಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಕಟ್ಟಿಹಾಕಿದರೆ ಇಲ್ಲಿ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಸತುವೂ ಬೆಳೆಗೆ ಸುಲಭವಾಗಿ ದೊರೆಯುವುದಿಲ್ಲ. ಭತ್ತದಲ್ಲಿ ಈ ಕೊರತೆ ಬೇಗ ಕಾಣುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಪ್ರದೇಶದಲ್ಲಿ ಇನ್ನೊಂದು ತೊಡಕಿದೆ. ಬಸಿಯಲು ದಾರಿಯಿಲ್ಲದ ಕಡೆ ಅಂತರ್ಜಲ ಮೇಲೇರಿ ಉಪ್ಪನ್ನು ಹೊತ್ತು ತರುತ್ತದೆ. ಮೇಲೆ ಬಿಳಿ ಉಪ್ಪು ಕಂಡರೂ ಮಣ್ಣು ಸಡಿಲವಾಗಿದ್ದರೆ ಅದು ಬರಿಯ ಸವಳು. ಬಸಿಗಾಲುವೆ ತೆಗೆದು ಒಳ್ಳೆಯ ನೀರು ಹಾಯಿಸಿ ತೊಳೆದರೆ ಸುಧಾರಿಸೀತು. ರಸಸಾರ 8.5 ದಾಟಿ, ನೀರು ಇಂಗದೆ, ಒಣಗಿದಾಗ ಮಣ್ಣು ಕಲ್ಲಿನಂತಾದರೆ ಜೇಡಿಗೆ ಸೋಡಿಯಂ ಅಂಟಿದೆ ಎಂದು ಶಂಕಿಸಬೇಕು. ಇದಕ್ಕೆ ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ. ಸುಣ್ಣದಲ್ಲಿಯೂ ಕ್ಯಾಲ್ಸಿಯಂ ಉಂಟಲ್ಲ ಎಂದು ಕೇಳಬಹುದು. ಉಂಟು, ಆದರೆ ಇಂಥ ಕ್ಷಾರ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲವೆನ್ನಬೇಕು. ಡಯಾಂಚ ಬೆಳೆದು ಮಣ್ಣಿಗೆ ಸೇರಿಸಿದರೆ, ಅದು ಕೊಳೆಯುವಾಗ ಹುಟ್ಟುವ ಇಂಗಾಲಾಮ್ಲವು ನೆಲದಲ್ಲಿರುವ ಸುಣ್ಣವನ್ನೇ ಅಷ್ಟಿಷ್ಟು ಕರಗಿಸಿ ಕೊಡುತ್ತದೆ.

ಜಿಪ್ಸಂ ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು. ನೆರೆಯವರ ಹೊಲದ ಲೆಕ್ಕ ನಂಬಬಾರದು. ಪುಡಿಯನ್ನು ಮೇಲಿನ ನಾಲ್ಕಾರು ಅಂಗುಲ ಮಣ್ಣಿನಲ್ಲಿ ಬೆರೆಸಿ, ಬದು ಕಟ್ಟಿ ನೀರು ನಿಲ್ಲಿಸಿ, ಬಸಿಗಾಲುವೆಯ ಮೂಲಕ ಹೊರಬಿಡಬೇಕು. ಬಸಿಗಾಲುವೆ ಇಲ್ಲದ ಹೊಲದಲ್ಲಿ ಬಿಡಿಸಿದ ಸೋಡಿಯಂ ಅಲ್ಲಿಯೇ ಉಳಿಯುವುದರಿಂದ, ಮೊದಲು ಅದನ್ನು ತೋಡಿಸಿ ಆಮೇಲೆ ಜಿಪ್ಸಂ ತರುವುದು ಲೇಸು.